ಬೆನ್ನಲ್ಲಿ ಬಾಯಿರುವ ಟೀವಿ

ತೇಶಿ,
ಜುಲೈ ತಿಂಗಳ ಕೊನೆಯ ಬುಧವಾರ, ಮಧ್ಯಾಹ್ನ

ಡೆಡೇಯ ಅಪ್ಪನವರಿಗೆ,

ಓಣಿಯ ಈ ಕಡೆಯಿಂದ ಅಫೋಲೆಯ ನಮಸ್ಕಾರ. ನಾನು ಕ್ಷೇಮ. ನಿಮ್ಮ ಕ್ಷೇಮವನ್ನು ಕೇಳಬೇಕಾಗಿಲ್ಲ, ಕಿಟಕಿಯಿಂದ ಕಾಣುತ್ತಲೇ ಇದೆ. ಕೈ ಚಾಚಿದರೆ ತಗಲುವಷ್ಟು ಹತ್ತಿರದ ಮನೆಗೆ ಪತ್ರ ಬರೆಯುವವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಆದರೆ ಹಿರಿಯರಾದ ಬೋಯೆಯವರ ಮೂಲಕ ಇನ್ನು ಒಂದು ಮಾತನ್ನೂ ಕಳಿಸಬಾರದೆಂದು ನಿಶ್ಚಯಿಸಿದ್ದೇನೆ. ಯಾಕೆಂದು ಮುಂದೆ ಗೊತ್ತಾಗುತ್ತದೆ. ಇದನ್ನು ನಿಮಗೆ ಓದಿ ಹೇಳುವವಳು ನಿಮ್ಮ ತಂಗಿಯ ಮಗಳು ಕೋರ್ಕೋರ್. ಕೋರ್ಕೋರ್, ಇದ್ದದ್ದನ್ನು ಇದ್ದ ಹಾಗೆ ಓದು. ನಡುನಡುವೆ ಕಿಸಕ್ಕನೆ ನಗಬೇಡ.

ಈ ಪತ್ರ ಟೀವಿಗೆ ಕೊಂಡ ಸ್ಪೀಕರ್ ವಿಷಯಕ್ಕೆ ಮಾತ್ರ. ಬೇರೆ ಏನನ್ನೂ ಬರೆಯುವ ಉದ್ದೇಶ ನನಗಿಲ್ಲ.

ಶನಿವಾರ ನಿಮ್ಮ ಅಣ್ಣನ ಮಗ ಕಾರು ತಂದು ನಿಮ್ಮನ್ನು ತೇಮಾಕ್ಕೆ ಕರೆದುಕೊಂಡು ಹೋಗುತ್ತಾನಂತೆ. ಪೆಟ್ಟಿಗೆ ಕಟ್ಟಿಯಾಗಿದೆಯಂತೆ. ಹೊಮೋವೊ ಹಬ್ಬ ಎದುರಿಗಿದೆ, ಊರು ಬಿಟ್ಟವರೆಲ್ಲ ಒಂದೇ ಬಟ್ಟಲಲ್ಲಿ ಉಣ್ಣಲು ಮನೆಗೆ ಬರುವ ಹೊತ್ತು, ನೀವು ಮನೆ ಬಿಟ್ಟು ಹೊರಟಿದ್ದೀರಿ. ಅದು ನಿಮ್ಮ ಇಷ್ಟ. ಕಣ್ಣು ಕಾಣದ ಮುದುಕರನ್ನು ಹಾಗೆ ಕರೆದುಕೊಂಡು ಹೋದವರು ಮತ್ತೆ ಕರೆತಂದು ಬಿಟ್ಟದ್ದನ್ನು ನಾನಂತೂ ನೋಡಿಲ್ಲ. ಅದನ್ನೂ ಹೇಳಿಬಿಟ್ಟೆ. ಈಗ ಸ್ಪೀಕರ್ ವಿಷಯಕ್ಕೆ ಬರುತ್ತೇನೆ.

ಕ್ರಿಸ್ಮಸ್ಸಿಗೆ ನಮ್ಮ ಮಗಳು ಡೆಡೇ ಹೊಸ ಟೀವಿ ತಂದುಕೊಟ್ಟಳಲ್ಲ, ಹಲಗೆಯ ಹಾಗೆ ತೆಳ್ಳಗಿರುವುದು. ಅವಳ ಗಂಡ ಬಂದು, ಹಳೆಯ ಡಬ್ಬಿ ಟೀವಿಯನ್ನು ಕಿಟಕಿ ಪಕ್ಕದ ಮೇಜಿನಿಂದ ಎತ್ತಿ ಬಿಸಾಡಿ, ಇದನ್ನು ಒಳಗಿನ ಗೋಡೆಗೆ ತೂಗುಹಾಕಿ ಹೋದ. ಚಿತ್ರವೇನೋ ಬಂಗಾರ. ನಟಿಯ ಮೂಗಿನ ಮೇಲಿನ ಬೆವರೂ ಕಾಣುತ್ತದೆ. ಆದರೆ ಅದನ್ನು ಮಾಡಿದ ಪುಣ್ಯಾತ್ಮರು ಬಾಯನ್ನು ಬೆನ್ನಲ್ಲಿ ಇಟ್ಟಿದ್ದಾರೆ. ಮಾತೆಲ್ಲ ಗೋಡೆಗೆ ಹೇಳುತ್ತದೆ, ಗೋಡೆ ಅದನ್ನು ಅಗಿದು ನಮಗೆ ಕೊಡುತ್ತದೆ. ಜೋರು ಮಾಡಿದರೆ ಗುಡುಗುಡು ಹೆಚ್ಚುತ್ತದೆಯೇ ಹೊರತು ಮಾತು ತಿಳಿಯುವುದಿಲ್ಲ. ನೋಡುವವರಿಗೆ ಮುಖ ಕಾಣುವುದರಿಂದ ಹೇಗೋ ನಡೆಯಿತು. ಓಣಿಯಾಚೆ ಕೂತು ಬರೀ ಕೇಳುವವರೊಬ್ಬರಿದ್ದಾರೆ ಎಂದು ನನಗೇನು ಗೊತ್ತು? ನೀವು ಸಂಜೆ ಹೊತ್ತು ನಿಮ್ಮ ಕಿಟಕಿ ಹತ್ತಿರ ಕೂರುವುದು ಗಾಳಿಗೆ ಎಂದುಕೊಂಡಿದ್ದೆ.

ಈಸ್ಟರ್ ಕಳೆದ ಮೇಲೆ ನಮ್ಮಿಬ್ಬರಿಗೆ ಮಾತು ನಿಂತಿತು. ಅದನ್ನು ಬರೆಯಬಾರದೆಂದಿದ್ದೆ, ಆದರೆ ಬರೆಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ಅಮ್ಮ, ಅಜ್ಜಿ ಎಲ್ಲರೂ ಹೀಗೆಯೇ ಬಾಳಿದರು. ಹೆಂಗಸರು ಹೆಂಗಸರ ಮನೆಯಲ್ಲಿ, ಗಂಡಸರು ಗಂಡಸರ ಮನೆಯಲ್ಲಿ, ಸಂಜೆಯಾದರೆ ಹೆಂಡತಿಯ ಅಡುಗೆಯ ಬಟ್ಟಲು ಓಣಿ ದಾಟಿ ಗಂಡನ ಹತ್ತಿರ ಹೋಗಬೇಕು. ಬಟ್ಟಲು ನಿಂತರೆ ಸಂಸಾರ ನಿಂತಂತೆ ಎಂದು ಊರೇ ತಿಳಿಯುತ್ತದೆ. ಆ ಬಟ್ಟಲನ್ನು ನಾನು ನಿಲ್ಲಿಸಿದೆ. ನಿಮ್ಮ ಕಣ್ಣು ಹೋಗುತ್ತಿದೆ ಎಂದು ಆಸ್ಪತ್ರೆಗೆ ಗೊತ್ತಿತ್ತು, ಪಾದ್ರಿಗೆ ಗೊತ್ತಿತ್ತು, ನಿಮ್ಮ ಜೊತೆ ದೋಣಿ ಕೆತ್ತುವವರಿಗೆಲ್ಲ ಗೊತ್ತಿತ್ತು. ನನಗೆ ತಿಳಿದದ್ದು ಸಂತೆಯಲ್ಲಿ, ಹೊಗೆಮೀನು ಮಾರುವವಳ ಬಾಯಿಂದ. "ಅಯ್ಯೋ, ನಿಮ್ಮನೆಯವರಿಗೆ ಪೂರ್ತಿ ಹೋಗಿಬಿಡ್ತಂತಲ್ಲಾ!" ಎಂದಳು. ಹೌದಂತೆ ಎಂದು ತಲೆಯಾಡಿಸಿ ಮೀನು ಕಟ್ಟಿಸಿಕೊಂಡು ಬಂದೆ. ಅವತ್ತು ನನಗೆ ಬಂದ ಸಿಟ್ಟು ಈಗಲೂ ಇದೆ. ಮುಂದಿನ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ನಾನು ಕೈ ಹಿಡಿದರೆ ನೀವು ಕೊಡವಿಕೊಂಡಿರಿ, ಅಷ್ಟು ಜನರ ಎದುರಿಗೆ. ಅದೂ ಇದೆ.

ಆಮೇಲೆ ಮಾತುಕತೆಯೆಲ್ಲ ಬೋಯೆಯವರ ಮೂಲಕ. ಅವರನ್ನು ಬೈಯಬಾರದು. ಕೋಪದ ಮಾತನ್ನು ಬಾಯಿಗೆ ಬಂದ ಹಾಗೆ ದಾಟಿಸಬಾರದು, ಮೆತ್ತಗೆ ಮಾಡಿ ದಾಟಿಸಬೇಕು ಎಂಬುದು ಮಧ್ಯಸ್ಥರ ಧರ್ಮ. ಅವರಪ್ಪ ದೊರೆಯ ಮನೆಯಲ್ಲಿ ಅದೇ ಕೆಲಸ ಮಾಡಿ ಹೆಸರು ತೆಗೆದವರು. ಬೋಯೆ ಒಂದು ಸಂಜೆ ಬಂದು, ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ನಿಮ್ಮ ಹೆಸರೆತ್ತಿ ಹೇಳಿದರು: "ಸೋವಾ ನಿನ್ನ ಯೋಗಕ್ಷೇಮ ವಿಚಾರಿಸಿದ ಕಣಮ್ಮಾ. ಟೀವಿಯಿಂದ ಅವನಿಗೆ ಚೂರು ತೊಂದರೆ ಆಗ್ತಿದೆಯಂತೆ. ನಿನಗೆ ಅನುಕೂಲ ಆದಾಗ ನೋಡ್ಕೋಬೇಕಂತೆ."

ಸದ್ದು ಜಾಸ್ತಿಯಾಯಿತೇನೋ ಎಂದು ನಾನು ತಗ್ಗಿಸಿದೆ. ಯಾರೇ ಆದರೂ ಅದನ್ನೇ ಮಾಡುತ್ತಿದ್ದರು. ಮತ್ತೆ ಬಂದರು: "ಸೋವಾ ಬಹಳ ಸಂತೋಷಪಟ್ಟ. ಆದರೂ ಇನ್ನೂ ಪೂರ್ತಿ ಸರಿಹೋಗಿಲ್ಲವಂತೆ." ಕಿಟಕಿ ಮುಚ್ಚಿದೆ. ಸೆಕೆಯಲ್ಲಿ ಬೆಂದೆವು. ಅಷ್ಟರಲ್ಲಿ ಊರಿನ ಮೌನದ ತಿಂಗಳೂ ಶುರುವಾಯಿತು, ದೇವರಿಗೆ ಬಿತ್ತಿದ ಕಾಳು ಮೊಳೆಯುವ ಕಾಲ, ಡೋಲು ಬಡಿಯುವಂತಿಲ್ಲ, ಚರ್ಚಿನಲ್ಲಿ ಚಪ್ಪಾಳೆಯೂ ಇಲ್ಲ. ನಾನು ಇನ್ನಷ್ಟು ತಗ್ಗಿಸಿದೆ. ಬೋಯೆ ಮೂರನೆಯ ಸಲ ಬಂದಾಗ ತಾಳ್ಮೆ ಹೋಗಿ, "ಕಿವಿಗೆ ಹತ್ತಿ ತುರುಕ್ಕೊಳ್ಳಲಿ ಅನ್ನಿ" ಎಂದೆ. ಅವರು ನಿಮಗೆ ಏನು ಹೇಳಿದರೆಂದು ಈಗ ಗೊತ್ತಾಯಿತು: "ಅಫೋಲೆ ನಿನ್ನ ಆರೋಗ್ಯದ ಬಗ್ಗೆ ಕಾಳಜಿ ತೋರಿಸಿದಳು."

ಮೊನ್ನೆ ಕೋರ್ಕೋರ್ ಮೆಣಸು ಅರೆಯಲು ನನ್ನ ಕಲ್ಲು ಕೇಳಿಕೊಂಡು ಬಂದಳು. ಅರೆಯುತ್ತಾ ಅರೆಯುತ್ತಾ, "ಅತ್ತೆ, ಆ ಚಿಕ್ಕ ಸೊಸೆಗೆ ಕೊನೆಗೂ ತಾಳಿ ಕಟ್ಟಿದ್ನಾ ಇಲ್ವಾ ಹೇಳಿಬಿಡಿ. ಮಾವ ನನ್ನ ಪ್ರಾಣ ತಿಂತಿದ್ದಾರೆ" ಎಂದಳು. ಕೋರ್ಕೋರ್, ಇಲ್ಲಿ ನಿಲ್ಲಿಸಬೇಡ, ಮುಂದೆ ಓದು. ನಿನ್ನನ್ನು ಅವರು ಬೈಯುವುದಿಲ್ಲ.

ನನಗೆ ಮೊದಲು ಅರ್ಥವಾಗಲಿಲ್ಲ. ಯಾವ ಸೊಸೆ? ಆಮೇಲೆ ಅವಳು ಎಲ್ಲ ಹೇಳಿದಳು. ತ್ವಿ ಭಾಷೆಯ ಮಾತು ಕೂಡಿಸಿದ ಆ ಇಂಡಿಯಾದ ಧಾರಾವಾಹಿಯನ್ನು ನೀವು ಹಳೆಯ ಟೀವಿ ಇದ್ದಾಗಿನಿಂದ, ಕಣ್ಣು ಮಂಜಾದ ದಿನದಿಂದ, ಓಣಿಯಾಚೆಯಿಂದ ಕೇಳುತ್ತಾ ಬಂದಿದ್ದೀರಂತೆ. ಒಂದು ಸಂಜೆಯೂ ತಪ್ಪಿಸಿಲ್ಲವಂತೆ. "ಹೆಂಗಸರು ಅಳೋದನ್ನ ನೋಡೋಕೆ ಟೀವಿ ಬೇಕಾ?" ಎಂದು ನನ್ನನ್ನು ಹಂಗಿಸುತ್ತಿದ್ದವರು ನೀವೇ ಅಲ್ಲವೆ! ಬೋಯೆಯವರಿಗೆ ನೀವು ನಿಜವಾಗಿ ಹೇಳಿದ್ದೇನೆಂದೂ ಕೋರ್ಕೋರ್ ಹೇಳಿದಳು: "ಅವಳ ಟೀವಿ ಬಾಯಿ ತುಂಬ ಕೆಂಕೆ ಮುದ್ದೆ ತುರುಕ್ಕೊಂಡು ಮಾತಾಡುತ್ತೆ. ಯಾರು ಯಾರನ್ನ ಕಟ್ಕೊಂಡ್ರು ಒಂದೂ ತಿಳಿಯಲ್ಲ. ಒಂದೋ ಸರಿ ಮಾಡ್ಸು ಅನ್ನಿ, ಇಲ್ಲ ಸಮುದ್ರಕ್ಕೆ ಎಸಿ ಅನ್ನಿ!" ನಾನು ಕಿಟಕಿ ಮುಚ್ಚಿದ ದಿನ ನೀವು, "ಅನ್ನ ನಿಲ್ಲಿಸಿದಳು, ಈಗ ಕಥೆನೂ ನಿಲ್ಲಿಸಿದಳು, ಇನ್ನು ಇಲ್ಲಿ ನನಗೇನಿದೆ" ಎಂದು ಅಣ್ಣನ ಮಗನಿಗೆ ಫೋನು ಮಾಡಿಸಿದಿರಂತೆ.

ನಾನು ಕಲ್ಲಿನ ಹತ್ತಿರವೇ ಕೂತುಬಿಟ್ಟೆ. ಸ್ವಲ್ಪ ಹೊತ್ತು ನಕ್ಕೆ. ಆಮೇಲೆ ನಗು ಬರಲಿಲ್ಲ.

ಮರುದಿನವೇ ಕೆಂಕೆ ಮಾರುವುದನ್ನು ಪಕ್ಕದವರಿಗೆ ಒಪ್ಪಿಸಿ ಅಕ್ರಾದ ಸರ್ಕಲ್ ಪೇಟೆಗೆ ಹೋದೆ. ಅಲ್ಲಿ ಅಂಗಡಿಯವನೊಬ್ಬ ನನ್ನನ್ನು ಕಂಡೊಡನೆ ಬೀರುವಿನಷ್ಟು ಎತ್ತರದ ಜೋಡಿ ಪೆಟ್ಟಿಗೆಯ ಮುಂದೆ ನಿಲ್ಲಿಸಿದ. "ಅಮ್ಮಾ, ಇದನ್ನ ಹಚ್ಚಿ ನೋಡಿ, ನಿಮ್ಮ ಬೀದಿ ಪೂರ್ತಿ ಎದ್ದು ಕುಣಿಯುತ್ತೆ!" ಎಂದ. "ನನ್ನ ಬೀದಿ ಮಲಗಿರಲಿ ಅಂತಲೇ ಬಂದಿದೀನಪ್ಪಾ" ಎಂದೆ. ಅವನಿಗೆ ಇದು ಅರ್ಥವಾಗುವುದಕ್ಕೆ ಹೊತ್ತು ಹಿಡಿಯಿತು. ಸದ್ದು ಕಡಿಮೆಯಾಗಲೆಂದು ಸ್ಪೀಕರ್ ಕೊಳ್ಳುವವರನ್ನು ಅವನು ಕಂಡಿರಲಿಲ್ಲವಂತೆ. ನಾನು ಹೇಳಿದೆ: ನನ್ನ ಗೋಡೆಗೆ ಅಂಟಿಕೊಂಡು ನರ್ಸ್ ಕೋಶಿ ಇದ್ದಾಳೆ, ರಾತ್ರಿ ಪಾಳಿ ಮಾಡಿ ಬಂದು ಹಗಲೆಲ್ಲ, ಕೆಲವು ಸಲ ಸಂಜೆಯವರೆಗೂ ಮಲಗುತ್ತಾಳೆ. ಇನ್ನೊಂದು ಮಗ್ಗುಲಲ್ಲಿ ಲಾಮ್ಲೆಯ ಎಳೆಗೂಸು. ಊರಲ್ಲಿ ಡೋಲುಗಳನ್ನೆಲ್ಲ ಕಟ್ಟಿಟ್ಟಿದ್ದಾರೆ. ಮಾತು ತಿಳಿಯಬೇಕು, ಗೋಡೆ ನಡುಗಬಾರದು, ಬೆಲೆ ನನ್ನ ಕೈಗೆ ಎಟುಕಬೇಕು.

ಅವನು ಒಂದೊಂದನ್ನೇ ಹಚ್ಚಿದ. ನಾನು ಮೊದಲು ಹತ್ತಿರ ನಿಂತು ವಾರ್ತೆ ಕೇಳುವುದು, ಆಮೇಲೆ ಹೊರಗೆ ಬಂದು ಗಾಜಿನ ಬಾಗಿಲು ಹಾಕಿಸಿ, ರಸ್ತೆಯಲ್ಲಿ ನಿಂತು ಏನು ಕೇಳುತ್ತದೆ ನೋಡುವುದು. ದೊಡ್ಡ ಪೆಟ್ಟಿಗೆಯ ದಬ್‌ದಬ್ ಮಾತ್ರ ಬಾಗಿಲು ದಾಟಿ ಬಂತು, ಮಾತು ಒಳಗೇ ಉಳಿಯಿತು. ಅಂದರೆ ಕೋಶಿಗೆ ದಬ್‌ದಬ್, ನಮಗೆ ಮಾತು. ಬೇಡ ಎಂದೆ. ಟೀವಿಯ ಕೆಳಗೆ ಇಡುವ ಉದ್ದನೆಯ ಕೋಲಿನಂಥದು ಚೆನ್ನಾಗಿತ್ತು, ಬೆಲೆ ಕೇಳಿದರೆ ಮೂಗಿಗಿಂತ ಮೂಗುತಿ ಭಾರ. ತಂತಿಯಿಲ್ಲದ ದುಂಡನೆಯದೊಂದಿತ್ತು, ಅದಕ್ಕೂ ನಮ್ಮ ಟೀವಿಗೂ ಮಾತುಕತೆಯಿಲ್ಲವಂತೆ. ನಮ್ಮ ಮನೆಯಲ್ಲಿ ಮಾತುಕತೆಯಿಲ್ಲದವರು ಈಗಾಗಲೇ ಇದ್ದಾರೆ ಎಂದು ಅದನ್ನೂ ಬಿಟ್ಟೆ. ಕೊನೆಗೆ ಕಂಪ್ಯೂಟರಿಗೆ ಹಚ್ಚುವ ಎರಡು ಪುಟ್ಟ ಡಬ್ಬಿಗಳು. ಗುಡುಗಲು ಅವಕ್ಕೆ ಹೊಟ್ಟೆಯೇ ಇಲ್ಲ. ಕಿವಿಯ ಹತ್ತಿರ ಇಟ್ಟರೆ ಪಿಸುಮಾತೂ ಬಿಡಿಬಿಡಿಯಾಗಿ ತಿಳಿಯುತ್ತದೆ, ಬಾಗಿಲಾಚೆ ಏನೂ ಇಲ್ಲ. ಅಂಗಡಿಯವನು, "ಇಷ್ಟು ಚಿಕ್ಕದನ್ನ ಕೊಂಡ್ರೆ ಅಕ್ಕಪಕ್ಕದವರು ನಗ್ತಾರಮ್ಮಾ" ಎಂದು ಕೊನೆಯ ಬಾಣ ಬಿಟ್ಟ. "ನಗಲಿ ಬಿಡು, ನಿದ್ದೆಯಾದವರೇ ನಗೋದು" ಎಂದು ಕಟ್ಟಿಸಿಕೊಂಡು ಬಂದೆ.

ನಿನ್ನೆ ಸಂಜೆ ಹಚ್ಚಿ ನೋಡಿದೆ. ನನ್ನ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಇಟ್ಟು, ಸದ್ದನ್ನು ಎಷ್ಟು ಸಾಕೋ ಅಷ್ಟಕ್ಕೆ ನಿಲ್ಲಿಸಿದೆ. ಎಲ್ಲರ ಒಂದೊಂದು ಮಾತೂ ತಿಳಿಯಿತು. ಲಾಮ್ಲೆಯ ಮಗು ಮಿಸುಕಲಿಲ್ಲ. ಇವತ್ತು ಬೆಳಿಗ್ಗೆ ಕೋಶಿ ಬಂದು, "ಏನತ್ತೆ, ಟೀವಿ ಮಾರಿಬಿಟ್ರಾ?" ಎಂದು ಕೇಳಿದಳು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಈಗ ಒಂದೇ ತೊಡಕು. ತಂತಿ ಗಿಡ್ಡ. ಟೀವಿಯಿಂದ ನನ್ನ ಕುರ್ಚಿಯವರೆಗೆ ಬರುತ್ತದೆ, ಕಿಟಕಿ ಮುಟ್ಟುವುದಿಲ್ಲ. ಕಿಟಕಿ ತೆರೆದರೂ ನಿಮಗೆ ಏನೂ ಕೇಳಿಸುವುದಿಲ್ಲ. ಜೋರು ಮಾಡೋಣವೆಂದರೆ ಕೋಶಿಯ ನಿದ್ದೆ, ಎಳೆಗೂಸು, ಊರಿನ ಮೌನ. ನಾನೇನು ಮಾಡಲಿ? ಆ ಸ್ಟೂಲಿನ ಇನ್ನೊಂದು ಮಗ್ಗುಲಿಗೆ ಕೂತವರಿಗೆ ಮಾತ್ರ ಕೇಳುವ ಸ್ಪೀಕರ್ ಅದು. ಅಲ್ಲಿ ಒಂದು ಕುರ್ಚಿ ಹಾಕಿದ್ದೇನೆ. ಹೆಂಗಸರ ಮನೆಯಲ್ಲಿ ಗಂಡಸು ಬಂದು ಕೂರುವುದು ಚೆನ್ನಲ್ಲ ಎನ್ನುವವರಿಗೆ ನಮ್ಮ ವಯಸ್ಸು ನೋಡಿ ಎಂದು ನಾನೇ ಹೇಳುತ್ತೇನೆ, ಮೆತ್ತಗೆ ಮಾಡದೆ ಹೇಳುತ್ತೇನೆ.

ಇನ್ನೊಂದು ವಿಷಯ. ಆ ಧಾರಾವಾಹಿಯಲ್ಲಿ ಅರ್ಧಕ್ಕರ್ಧ ಮಾತೇ ಇರುವುದಿಲ್ಲ. ಡಂ ಡಂ ಡಂ ಎಂದು ಸಂಗೀತ ಬಂದಾಗಲೆಲ್ಲ ನೀವು "ಯಾರೇ ಸತ್ತಿದ್ದು?" ಎಂದು ಕೋರ್ಕೋರಳನ್ನು ಕೇಳುತ್ತೀರಂತೆ. ಯಾರೂ ಸತ್ತಿರುವುದಿಲ್ಲ. ಒಬ್ಬೊಬ್ಬರ ಮುಖವನ್ನು ಮೂರು ಮೂರು ಸಲ ತೋರಿಸುತ್ತಾರೆ, ಅಷ್ಟೆ. ಅತ್ತೆ ಹುಬ್ಬು ಏರಿಸಿದಳು, ಸೊಸೆಯ ಕಣ್ಣು ತುಂಬಿತು, ಗಂಡ ಏನೂ ತಿಳಿಯದವನ ಹಾಗೆ ಆಕಡೆ ನೋಡಿದ, ಇದನ್ನೆಲ್ಲ ಯಾವ ಸ್ಪೀಕರೂ ಹೇಳುವುದಿಲ್ಲ, ಎಷ್ಟು ಬೆಲೆ ಕೊಟ್ಟರೂ ಹೇಳುವುದಿಲ್ಲ. ಪಕ್ಕದಲ್ಲಿ ಕೂತವರು ಹೇಳಬೇಕು. ತೇಮಾದಲ್ಲಿ ನಿಮ್ಮ ಅಣ್ಣನ ಮಗನ ಹೆಂಡತಿ ಆಫೀಸಿನಿಂದ ಬಂದು ಹೇಳುತ್ತಾಳೇನೋ, ಕೇಳಿ ನೋಡಿ.

ನೀವು ಹೋದರೆ ನನಗೆ ಭಯ. ಇದೊಂದನ್ನು ಬರೆಯಬಾರದೆಂದು ಬೆಳಗಿನಿಂದ ಸುತ್ತಿ ಬಳಸಿ ಬರೆಯುತ್ತಿದ್ದೇನೆ.

ಧಾರಾವಾಹಿ ಶುರುವಾಗುವುದು ಯಾವಾಗ ಎಂದು ನಿಮಗೇ ಚೆನ್ನಾಗಿ ಗೊತ್ತು. ಊಟ ಇಲ್ಲೇ ಇರುತ್ತದೆ. ಬಟ್ಟಲು ಓಣಿ ದಾಟುವುದಿಲ್ಲ, ನೀವೇ ದಾಟಬೇಕು. ಚಿಕ್ಕ ಸೊಸೆಗೆ ತಾಳಿ ಕಟ್ಟಿದನೋ ಇಲ್ಲವೋ ಎಂಬುದನ್ನು ಪತ್ರದಲ್ಲಿ ಬರೆಯುವುದಿಲ್ಲ.

ಇಂತಿ,
ಇನ್ನೂ ಸಿಟ್ಟಿನಲ್ಲೇ ಇರುವ,
ಡೆಡೇಯ ಅಮ್ಮ, ಅಫೋಲೆ

ಮರೆತ ಮಾತು: ಕೋರ್ಕೋರ್, ಇದು ನಿನಗೆ ಮಾತ್ರ, ಗಟ್ಟಿಯಾಗಿ ಓದಬೇಡ. ಅಂಗಡಿಯಲ್ಲಿ ಉದ್ದನೆಯ ತಂತಿಯೂ ಇತ್ತು. ಕಿಟಕಿ ದಾಟಿ, ಓಣಿ ದಾಟಿ ನಿನ್ನ ಮಾವನ ಮಡಿಲವರೆಗೆ ಬರುವಂಥದು, ಒಂದು ಹೊತ್ತಿನ ಊಟದ ಬೆಲೆಗೆ. ಅಂಗಡಿಯವನು ಸುತ್ತಿ ಚೀಲಕ್ಕೂ ಹಾಕಿದ್ದ. ನಾನೇ ತೆಗೆಸಿ ವಾಪಸ್ಸು ಕೊಟ್ಟೆ. ನೀನು ಮಾವನನ್ನು ನನ್ನ ಬಾಗಿಲವರೆಗೆ ಕರೆದುಕೊಂಡು ಬಾ, ಸಾಕು. ಅಲ್ಲಿಂದ ನಾನು ಕೈ ಹಿಡಿದುಕೊಳ್ಳುತ್ತೇನೆ. ಕೊಡವಿದರೂ ಬಿಡುವುದಿಲ್ಲ.