ಸಭೆಯಿಂದ ಏಳದವರು

ಮಿಥಿಲೆ
ವೈಶಾಖ ಶುದ್ಧ ತದಿಗೆ

ಪ್ರೀತಿಯ ಅಕ್ಕ ರೋಚನೆಗೆ ನಿನ್ನ ತಂಗಿಯ ನಮಸ್ಕಾರಗಳು.

ನಿನ್ನ ಓಲೆ ಬಂದು ಎರಡು ತಿಂಗಳಾಯಿತು. ವೈಶಾಲಿಯ ಕಡೆಗೆ ಎಷ್ಟೋ ದೋಣಿಗಳು ಹೋದವು, ಬರೆಯಲು ಮಾತ್ರ ಕೈ ಬರಲಿಲ್ಲ. ಮನ್ನಿಸು. ಮಗು ಕ್ಷೇಮ, ಈಗ ಗೋಡೆ ಹಿಡಿದು ನಡೆಯುತ್ತಾಳೆ.

ಫಾಲ್ಗುಣದಲ್ಲಿ ನಮ್ಮ ಕೇರಿಗೆ ಬೆಂಕಿ ಬಿದ್ದದ್ದು ಕೇಳಿರುತ್ತೀ. ನಡುಮಧ್ಯಾಹ್ನ, ಪಡುವಣ ಗಾಳಿ; ಕುಂಬಾರರ ಆವಿಗೆಯಿಂದ ಹಾರಿದ ಕಿಡಿ ಹುಲ್ಲಿನ ಸೂರುಗಳನ್ನೆಲ್ಲ ಹಿಡಿಯಿತು. ಅತ್ತೆ ಹಾಸಿಗೆ ಹಿಡಿದವರು. ಕಂಕುಳಲ್ಲಿ ಮಗು ಇಟ್ಟುಕೊಂಡೇ ಅವರನ್ನು ಎಳೆದೆ.

"ಬಿಡೇ ಹುಚ್ಚಿ, ಮೂವರೂ ಸಾಯ್ತೀವಿ. ಮೊದಲು ಮಗೂನ ಆಚೆ ಸೇರಿಸು. ಜನಕರಾಜನ ಸಭೆ ಏನು ಕಾಶೀಲಿದೆಯಾ? ನನ್ನ ಮಗ ಓಡಿ ಬರ್ತಾನೆ," ಎಂದರು.

ಮಗುವನ್ನು ನೆರೆಯವಳ ಕೈಗಿತ್ತು ತಿರುಗುವಷ್ಟರಲ್ಲಿ ಸೂರು ಕುಸಿಯಿತು.

ನಮ್ಮವರು ಬಂದದ್ದು ಬೂದಿ ಆರಿದ ಮೇಲೆ. "ಆತ್ಮದ ವಿಚಾರ ನಡೀತಿತ್ತು, ಊರ್ಜೆ. ಬೆಂಕಿ ಅಂತ ಕೂಗಿದರು. 'ಮಿಥಿಲೆ ಉರಿದರೆ ನನ್ನದೇನೂ ಉರಿಯೋದಿಲ್ಲ' ಅಂದ ಅರಸ, ಅಲುಗಲಿಲ್ಲ. ಅರಸನೇ ಏಳದಿದ್ದಾಗ ನಾನು ಹೇಗೆ ಏಳಲಿ?" ಎಂದರು. ಈಗ ಮೋಹ ಗೆದ್ದವರೆಂದು ಶಿಷ್ಯರು ಅವರ ಕಾಲಿಗೆ ಬೀಳುತ್ತಾರೆ. ನಾನು ಅನ್ನ ಬಡಿಸುತ್ತೇನೆ.

ಐದನೆಯ ದಿನ ಅರಸ ಬರಿಗಾಲಲ್ಲಿ ಕೇರಿಗೆ ಬಂದ. "ಬಂದರಮ್ಮಾ, ಏನೂ ಉರಿಯದ ದೊರೆ!" ಎಂದು ಕುಂಬಾರಗಿತ್ತಿ ಕೇಳುವಂತೆಯೇ ಅಂದಳು. ನಾನು ಎದುರಿಗೇ ನಿಂತೆ: "ಪ್ರಭು, ನಿಮ್ಮದೇನೂ ಉರಿಯಲಿಲ್ಲ, ನನ್ನತ್ತೆ ಉರಿದುಹೋದರು. ಅವರ ಮಗನ್ನ ಯಾಕೆ ಹಿಡಿದಿಟ್ಟುಕೊಂಡಿರಿ?"

ಇರಲಿ ಬಿಡು. ಭಾವನ ಕೆಮ್ಮಿಗೆ ಹಿಪ್ಪಲಿ ಕಳಿಸಿದ್ದೇನೆ. ನಿನ್ನ ಮಕ್ಕಳು ನೂರು ಶರತ್ಕಾಲ ಕಾಣಲಿ, ನಿನ್ನ ಒಲೆಯ ಕೆಂಡ ಒಲೆಯಲ್ಲೇ ಇರಲಿ.

ನಿನ್ನ
ಊರ್ಜೆ

ಮತ್ತೆ: ಓಲೆ ಕಟ್ಟಿಟ್ಟವಳು ಬಿಚ್ಚಿದ್ದೇನೆ. ನಿನಗಲ್ಲದೆ ಯಾರಿಗೆ ಹೇಳಲಿ? ಅರಸ ಅಂದದ್ದು ಇಷ್ಟು: "ತಾಯಿ, ಆ ಮಾತು ನನ್ನ ಅರಮನೆ ಬಗ್ಗೆ ಹೇಳಿಕೊಂಡದ್ದು, ನಿಮ್ಮ ಮನೆ ಬಗ್ಗೆ ಅಲ್ಲ. ಮನೆ ಇರೋರೆಲ್ಲ ಓಡಿ ಅಂದೆ, ಎಲ್ಲರೂ ಓಡಿದರು. ನಾನೂ ಎದ್ದೆ. ನಿಮ್ಮ ಯಜಮಾನರೊಬ್ಬರೇ ಕೂತಿದ್ದರು. 'ಮನೇಲಿ ಯಾರಿದ್ದಾರೆ?' ಅಂತ ಭುಜ ಹಿಡಿದು ಕೇಳಿದೆ. 'ಯಾರೂ ಇಲ್ಲ' ಅಂದರು."