ತೋರಿಸಿಕೊಟ್ಟವಳ ಹೆಸರು

ಅಕ್ಕಾ,

ನಮ್ಮ ಆಸ್ಪತ್ರೆಯ ಆಡಳಿತದವರು ನನ್ನನ್ನು ಮೀಟಿಂಗ್ ಕೋಣೆಯಲ್ಲಿ ಬೆಳಗಿನಿಂದ ಕೂಡಿಹಾಕಿದ್ದಾರೆ, ಫೋನೂ ಕಿತ್ತುಕೊಂಡಿದ್ದಾರೆ. ಆಯಾ ಕೈಯಲ್ಲಿ ಈ ಚೀಟಿ ಕಳಿಸುತ್ತಿದ್ದೇನೆ.

ಆಸ್ಪತ್ರೆಯ ವೆಬ್‌ಸೈಟಿನ ವಿಳಾಸದಲ್ಲಿ ಎರಡು ಚುಕ್ಕೆ, ಒಂದು ಓರೆಗೆರೆ ಸೇರಿಸುತ್ತಾ ಹೋದರೆ ಯಾವ ರೋಗಿಯ ಕಡತವಾದರೂ ಪಾಸ್‌ವರ್ಡ್ ಕೇಳದೆ ತೆರೆದುಕೊಳ್ಳುತ್ತದೆ. ಹೋದ ತಿಂಗಳೇ ಇದನ್ನು ಮ್ಯಾನೇಜರಿಗೆ ಹೇಳಿದೆ. "ಎಲ್ಲಿ, ತೋರಿಸಮ್ಮ" ಎಂದರು. ನನ್ನ ಮೇಜಿನ ಕಂಪ್ಯೂಟರಿನಲ್ಲೇ ಒಂದು ಕಡತ ತೆರೆದು ತೋರಿಸಿದೆ. "ಮುಂದಿನ ವರ್ಷ ನೋಡೋಣ ಬಿಡು" ಎಂದು ನಕ್ಕರು.

ಈಗ ಕಡತಗಳು ಕಳುವಾಗಿವೆ. ಕಳ್ಳ ಗುರುತು ಅಳಿಸಿ ಹೋಗಿದ್ದಾನೆ. ಯಾರು ಕಡತ ತೆರೆದರು ಎಂಬ ಕಂಪ್ಯೂಟರಿನ ದಾಖಲೆಯಲ್ಲಿ ಉಳಿದಿರುವುದು ಅವತ್ತು ತೆರೆದು ತೋರಿಸಿದ ನನ್ನ ಹೆಸರೊಂದೇ. ಬಾಗಿಲು ಮುರಿದಿದೆ ಎಂದು ಕೂಗಿದವಳೇ ಕಳ್ಳಿಯಂತೆ. "ತಪ್ಪೊಪ್ಪಿಗೆಗೆ ಸಹಿ ಹಾಕು, ಸಂಜೆಗೆ ಮನೆ ಸೇರ್ಕೋ" ಎನ್ನುತ್ತಿದ್ದಾರೆ.

ಮಗಳನ್ನು ಶಾಲೆಯಿಂದ ನೀನೇ ಕರೆದುಕೊಂಡು ಹೋಗು. ಊಟ ಮಾಡಿಸು, ಇವತ್ತು ನಿನ್ನ ಪಕ್ಕದಲ್ಲೇ ಮಲಗಲಿ. ನಾನು ಸಹಿ ಹಾಕುವುದಿಲ್ಲ.

ನಿನ್ನ ಹಟಮಾರಿ ತಂಗಿ