ಬೆರಳುದ್ದದ ಜಡೆ

ಅವ್ವಾ,

ನೀನು ಹೋದ ಮೇಲೆ ಜವನಗೊಂಡನಹಳ್ಳಿ ಬಿಟ್ಟು ಹಿರಿಯೂರಿಗೆ ಬಂದೆ. ಒಂದೇ ಬಾಡಿಗೆ ಮನೆಯಲ್ಲಿ ಕಣ್ಣು ಕಾಣದ ಗುಡ್ಡಪ್ಪ, ನಡೆಯಲಾಗದ ಏಕನಾಥಮ್ಮ, ಕೈ ಮೇಲೆತ್ತಲಾಗದ ನಾನು ಇದ್ದೇವೆ. ಮೂವರ ಕೆಲಸಕ್ಕೂ ಬೆಳಿಗ್ಗೆ ನಿಂಗಕ್ಕ ಒಬ್ಬಳೇ ಬರುತ್ತಾಳೆ. ಅವಳ ಹೊತ್ತನ್ನು ಹೇಗೆ ಹಂಚಿಕೊಳ್ಳುವುದೆಂದು ನಿನ್ನೆ ರೇಡಿಯೋ ವಾರ್ತೆ ಮುಗಿದ ಮೇಲೆ ಎಲ್ಲರೂ ಕೂತು ಮಾತಾಡಿದೆವು.

"ನಂದೇನಿಲ್ಲ, ಹೊತ್ತು ಉಳಿದ್ರೆ ನೋಡಾಣ" ಎಂದೆ. ನೀನು ಕಲಿಸಿದ ಮಾತು.

ಗುಡ್ಡಪ್ಪ ಗದರಿದ. "ಹಂಗಂದ್ರೆ ಆಗಾಕಿಲ್ಲ. ಏನ್ ಬೇಕೋ ಬಾಯ್ಬಿಟ್ಟು ಹೇಳಮ್ಮ."

"ಜಡೆ" ಎಂದೆ. ನಗುತ್ತಾರೆಂದುಕೊಂಡಿದ್ದೆ. ಯಾರೂ ನಗಲಿಲ್ಲ.

"ನಂಗೆ ಮುದ್ದೆ ತಡ ಆದ್ರೂ ಆಗ್ಲಿ" ಎಂದ ಗುಡ್ಡಪ್ಪ.

"ತಡ ಯಾಕೆ? ಸೊಪ್ಪು ಬಿಡಿಸೋದು ನಾನು ಕುಂತಲ್ಲೇ ಮಾಡ್ತೀನಿ. ಆ ಹೊತ್ತು ಇವಳ ಜಡೆಗಿರ್ಲಿ" ಎಂದಳು ಏಕನಾಥಮ್ಮ. ನಿಂಗಕ್ಕನೂ ಹೂಂ ಅಂದಳು.

ತಿಂಗಳು ತಿಂಗಳೂ ನನ್ನ ಕೂದಲು ಕತ್ತರಿಸುವಾಗ ನೀನು, "ನಾನ್ ಸತ್ತ ಮೇಲೆ ನಿನ್ ತಲೆ ಯಾರ್ ಬಾಚ್ತಾರೆ?" ಎಂದು ಕೇಳುತ್ತಿದ್ದೆ. ಕತ್ತರಿಸಿದ ಕೂದಲನ್ನು ಮಾತ್ರ ನೀನು ತುಂಬ ಹೊತ್ತು ಕೈಯಲ್ಲೇ ಹಿಡಿದುಕೊಂಡಿರುತ್ತಿದ್ದೆ.

ಇವತ್ತು ನಿಂಗಕ್ಕ ಬಾಚಿದಳು, ಅವ್ವಾ. ಜಡೆ ಬೆರಳುದ್ದ ಬಂದಿದೆ. ನಾನಿನ್ನು ಕತ್ತರಿಸಿಕೊಳ್ಳುವುದಿಲ್ಲ.